ಹಂಚು, ಹಲಸು, ಮುರಕಲ್ಲು: ಹಳೆ ಮನೆಯ ಸಾಮಾನು ಹೊಸ ಮನೆಗೆ ಆದೀತೇ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಹಳೆ ಹಂಚಿನ ಮನೆ. ಅಜ್ಜ ಕಟ್ಟಿಸಿದ್ದು, ಎಪ್ಪತ್ತು ವರ್ಷ ದಾಟಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಲಸಿನ ಬಾಗಿಲು, ಮಾಡಿಗೆ (ಚಾವಣಿಗೆ) ತಾಳೆ ಮರದ ಪಕ್ಕಾಸು (ಓರೆ ತೊಲೆ). ಹಿಂದಿನ ಗೋಡೆ ಹೊರಗೆ ವಾಲಿದೆ. ಮಳೆಗಾಲದಲ್ಲಿ ಅಡುಗೆ ಕೋಣೆಯಲ್ಲಿ ಬಕೆಟ್ ಇಡಬೇಕು. ಇದನ್ನು ತೆಗೆದು ಅದೇ ಜಾಗದಲ್ಲಿ ಸಣ್ಣ ಮನೆ ಕಟ್ಟುವ ಯೋಚನೆ. ಕಂಟ್ರಾಕ್ಟರು "ಇದೆಲ್ಲ ಕಸ, ಜೆಸಿಬಿಯಲ್ಲಿ ಒಂದೇ ದಿನಕ್ಕೆ ತೆಗೆದು ನಾನೇ ಸಾಗಿಸ್ತೇನೆ, ನೀವು ಒಂದು ರೂಪಾಯಿ ಕೊಡುವುದು ಬೇಡ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗಳು "ಒಂದು ಹಂಚೂ ಬಿಸಾಡಬೇಡಿ ಅಪ್ಪ" ಎಂದು ದಿನಾ ವೀಡಿಯೊ ಕಳಿಸುತ್ತಾಳೆ. ಹಳೆ ಹಂಚು ನೀರು ಕುಡಿಯುತ್ತದೆ, ಹಳೆ ಮರ ಹಾಕಿದರೆ ಹೊಸ ಮನೆಗೂ ಒರಲೆ (ಗೆದ್ದಲು) ಬರುತ್ತದೆ ಅನ್ನುತ್ತಾರಲ್ಲ, ನಿಜವೇ? ಮರಕ್ಕೆ ಗ್ಯಾರೇಜಿನ ಕರಿ ಆಯಿಲ್ ಹಚ್ಚಿದರೆ ಸಾಕೇ? ಹಟ್ಟಿಯ (ದನದ ಕೊಟ್ಟಿಗೆಯ) ಸಿಮೆಂಟ್ ಶೀಟುಗಳನ್ನು ಒಡೆದು ಅಂಗಳಕ್ಕೆ ತುಂಬಿಸಬಹುದೇ?

ಉತ್ತರ: ನಿಮ್ಮ ಕಂಟ್ರಾಕ್ಟರ ಮಾತಿನಿಂದಲೇ ಶುರು ಮಾಡೋಣ. ಎಲ್ಲವೂ ಕಸವೇ ಆಗಿದ್ದರೆ ಜೆಸಿಬಿ ಬಾಡಿಗೆ, ಲಾರಿ, ಆಳು ಎಲ್ಲ ಕೈಯಿಂದ ಹಾಕಿಕೊಂಡು ಅವರು ಯಾಕೆ ಸಾಗಿಸುತ್ತಾರೆ ಮಾರಾಯ್ರೆ? ಹಲಸಿನ ಬಾಗಿಲಿಗೆ, ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ), ಒಳ್ಳೆ ಹಂಚಿಗೆ ನಮ್ಮೂರಲ್ಲಿ ಗಿರಾಕಿ ಇದ್ದಾರೆ. ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅದೂ ಒಂದು ವ್ಯಾಪಾರ. ಆದರೆ ಕೊಡುವ ಮುಂಚೆ ಏನು ಕೊಡುತ್ತಿದ್ದೇವೆ ಅಂತ ನಿಮಗೆ ಗೊತ್ತಿರಬೇಕು.

ಮಗಳ ಮಾತೂ ಪೂರ್ತಿ ಸರಿಯಲ್ಲ. ನಾನು ಈ ಭಾಗದಲ್ಲಿ ಹಳೆ ಮನೆಗಳ ರಿಪೇರಿ ಮತ್ತು ಕಳಚುವ ಕೆಲಸ ಮಾಡಿಸುವ ಸಿವಿಲ್ ಇಂಜಿನಿಯರ್. ಹಳೆ ಮನೆಯಲ್ಲಿ ಉಳಿಸಲೇಬೇಕಾದ ಸಾಮಾನು ಇರುತ್ತದೆ, ಬೇರೆ ಕೆಲಸಕ್ಕೆ ಇಳಿಸಬೇಕಾದದ್ದು ಇರುತ್ತದೆ, ಯಾವ ಕಾರಣಕ್ಕೂ ಮನೆಯೊಳಗೆ ತರಬಾರದ್ದೂ ಇರುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದು ಸಾಮಾನಿನ ವಯಸ್ಸಿಗಿಂತ ಜಾಸ್ತಿ ಅದನ್ನು ಹೇಗೆ ಕಳಚಿದಿರಿ ಅನ್ನುವುದರ ಮೇಲೆ ನಿಂತಿದೆ. ಜೆಸಿಬಿಯ ಕೈ ಒಂದು ಸಲ ಮಾಡಿಗೆ ತಾಗಿತೆಂದರೆ ಮತ್ತೆ ಈ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಇಲ್ಲ, ನಿಜವಾಗಿಯೂ ಎಲ್ಲ ಕಸ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದ್ದೀರಲ್ಲ? ವಿಜಯನಾಥ ಶೆಣೈಯವರು ಎಲ್ಲೆಲ್ಲಿಯದೋ ಹಳೆ ಮನೆಗಳನ್ನು ಕಳಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅಷ್ಟು ದೊಡ್ಡ ಸಾಹಸ ನಿಮಗೆ ಬೇಡ. ಆದರೆ ಕಟ್ಟಿದ್ದರ ತಲೆಕೆಳಗಿನ ಕ್ರಮದಲ್ಲಿ, ಅಂದರೆ ಮೊದಲು ಹಂಚು, ಆಮೇಲೆ ಹಂಚು ಕೂರುವ ರೀಪು ಪಟ್ಟಿ, ಪಕ್ಕಾಸು, ಬಾಗಿಲು, ಕೊನೆಗೆ ಗೋಡೆ ಅಂತ ಕೈಯಿಂದ ಕಳಚಿಸಿದರೆ ಸಾಕು.

ಹಂಚಿನ ವಿಷಯಕ್ಕೆ ಬರೋಣ. "ಹಳೆ ಹಂಚು ನೀರು ಕುಡಿಯುತ್ತದೆ" ಅನ್ನುವುದು ಅರ್ಧ ನಿಜ. ಮಣ್ಣಿನ ಹಂಚು ಹೊಸದಾದರೂ ನೀರು ಕುಡಿಯುತ್ತದೆ. ಒಳ್ಳೆ ದರ್ಜೆಯ ಮಂಗಳೂರು ಹಂಚಿಗೂ ಅದರ ತೂಕದ ಶೇ. 18ರಷ್ಟು ನೀರು ಹೀರಲು ಭಾರತೀಯ ಮಾನಕದಲ್ಲಿ ಅವಕಾಶವಿದೆ. ಹೀರುವುದು ಬೇರೆ, ಕೆಳಗೆ ಸೋರುವುದು ಬೇರೆ. ನಿಮ್ಮ ಅಡುಗೆ ಕೋಣೆ ಸೋರುವುದಕ್ಕೆ ಹಂಚಿಗಿಂತ ಆ ವಾಲಿದ ಗೋಡೆಯೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಗೋಡೆ ಹೊರಗೆ ಹೋದಾಗ ಅದರ ಮೇಲೆ ಕೂತ ಪಕ್ಕಾಸೂ ಜಾರುತ್ತದೆ, ರೀಪು ಬಾಗುತ್ತದೆ, ಒಂದು ಹಂಚಿನ ತಲೆ ಇನ್ನೊಂದರ ಅಡಿಯಿಂದ ಈಚೆ ಬರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಅಷ್ಟು ಸಂದು ಸಾಕು. ಅದರ ಮೇಲೆ ತೆಂಗಿನ ಮಡಲು ಬಿದ್ದದ್ದು, ಮಂಗ ಹಾರಿದ್ದು ಲೆಕ್ಕಕ್ಕೆ ಸೇರಿಸಿ.

ಇನ್ನೊಂದು ಕಾರಣವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಒಂದು ಹಂಚು ತೆಗೆದು ಅಂಗಾತ ಮಾಡಿ ನೋಡಿ. ಅಡಿಯಲ್ಲಿ ಕಾರ್ಖಾನೆಯ ಹೆಸರು, ಗುರುತು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಇಲ್ಲಿ ಒಂದರ ಹಿಂದೊಂದು ಕಾರ್ಖಾನೆ ಬಂದವು. ಒಬ್ಬೊಬ್ಬರ ಅಚ್ಚು ಒಂದೊಂದು ಥರ. ದೂರದಿಂದ ಎಲ್ಲ ಒಂದೇ ಹಾಗೆ ಕಂಡರೂ ಒಂದರ ಗಾಡಿ (ತೋಡು) ಇನ್ನೊಂದರ ಏಣಿನ (ಉಬ್ಬಿದ ಅಂಚಿನ) ಮೇಲೆ ಸರಿಯಾಗಿ ಕೂರುವುದಿಲ್ಲ. ಎಪ್ಪತ್ತು ವರ್ಷದಲ್ಲಿ ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ್ದನ್ನು ತುರುಕಿರುತ್ತಾರೆ, ಅಲ್ವಾ? ಅಲ್ಲೇ ನೀರು ಇಳಿಯುವುದು. ಹಾಗಾಗಿ ಹಂಚು ಇಳಿಸುವಾಗಲೇ ಹೆಸರು ನೋಡಿ ಬೇರೆ ಬೇರೆ ಅಟ್ಟಿ ಮಾಡಿಸಿ. ಮಲಗಿಸಿ ಪೇರಿಸಬೇಡಿ, ನಿಲ್ಲಿಸಿ ಇಡಿ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬೆರಳ ಗೆಣ್ಣಿನಿಂದ ಹೊಡೆದರೆ ಟಣ್ ಅನ್ನಬೇಕು. ಮಂಕಾಗಿ ಟಪ್ ಅಂದರೆ ಒಳಗೆ ಬಿರುಕು. ಪ್ರತಿ ಅಟ್ಟಿಯಿಂದ ಕೆಲವನ್ನು ಚೆನ್ನಾಗಿ ಒಣಗಿಸಿ ತೂಗಿ, ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ಇದ್ದದ್ದು ಮೂರು ಕಿಲೋ ದಾಟಿದರೆ ಮಾಡಿಗೆ ಬೇಡ. ಸಮುದ್ರದ ಗಾಳಿಗೆ ಸಿಕ್ಕಿದ ಹಂಚಿನಲ್ಲಿ ಇನ್ನೊಂದು ರೋಗ ಕಾಣುತ್ತದೆ: ಉಪ್ಪು ಒಳಗೆ ಸೇರಿ ಮೇಲ್ಮೈ ಪದರ ಪದರವಾಗಿ ಏಳುತ್ತದೆ, ಉಗುರಿನಲ್ಲಿ ಕೆರೆದರೆ ಹುಡಿ ಬರುತ್ತದೆ. ಕಟಪಾಡಿಯಲ್ಲಿ, ಅದರಲ್ಲೂ ಪಡುವಣ ಮಗ್ಗುಲಿನ ಮಾಡಿನಲ್ಲಿ ಇದನ್ನು ಹುಡುಕಿ ನೋಡಿ. ಕಪ್ಪು ಪಾಚಿ ಮಾತ್ರ ರೋಗವಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ವಾಹನ ತೊಳೆಯುವ ಪ್ರೆಷರ್ ಪಂಪ್ ಬೇಡ, ಆಸಿಡ್ ಬೇಡವೇ ಬೇಡ. ಎರಡೂ ಹಂಚಿನ ಗಟ್ಟಿ ಮೇಲ್ಮೈಯನ್ನೇ ಕಿತ್ತುಹಾಕುತ್ತವೆ.

ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಪಾಸಾದವು ಹೊಸ ಮನೆಯ ಒಂದು ಭಾಗಕ್ಕೆ, ಉದಾಹರಣೆಗೆ ಜಗಲಿಗೆ ಅಥವಾ ಕಾರು ನಿಲ್ಲಿಸುವ ಜಾಗಕ್ಕೆ ಸಾಕಾಗಬಹುದು. ಈಗ ಎಲ್ಲರೂ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮಾಡು ಮಾಡಿಸುತ್ತಾರೆ. ವೆಲ್ಡಿಂಗಿನವರು ತಮ್ಮ ಅಭ್ಯಾಸದ ಅಳತೆಗೆ ರೀಪು ಹೊಡೆದುಬಿಡುತ್ತಾರೆ, ಆಮೇಲೆ ಹಳೆ ಹಂಚು ಕೂರುವುದಿಲ್ಲ. ನಿಮ್ಮದೇ ಹಂಚು ನಾಲ್ಕು ಸಾಲು ಜೋಡಿಸಿ ಅಳೆದ ಮೇಲೆಯೇ ಮೊದಲ ರೀಪು ವೆಲ್ಡ್ ಆಗಲಿ.

ತಾರಸಿ ಹಾಕಿಸುವುದಾದರೆ ಫಿಲ್ಲರ್ ಸ್ಲ್ಯಾಬ್ ಅಂತ ಒಂದು ದಾರಿ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದರಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಎಳೆತ ತಡೆಯುವುದು ಕಂಬಿ. ಹಾಗಾಗಿ ಕಂಬಿಗಳ ನಡುವಿನ ಚೌಕಗಳಲ್ಲಿ ಕಾಂಕ್ರೀಟಿನ ಬದಲು ಎರಡೆರಡು ಹಂಚು ಜೋಡಿಸಿ ಇಡುತ್ತಾರೆ. ಸಿಮೆಂಟು ಉಳಿಯುತ್ತದೆ, ಸ್ಲ್ಯಾಬು ಹಗುರಾಗುತ್ತದೆ, ಹಂಚಿನ ನಡುವೆ ಗಾಳಿ ಇರುವುದರಿಂದ ಸೆಕೆಯೂ ಸ್ವಲ್ಪ ಕಮ್ಮಿ. ನೋಡಲೂ ಚಂದ. ಆದರೆ ಇದು ವೀಡಿಯೊ ನೋಡಿ ಮಾಡುವ ಕೆಲಸ ಅಲ್ಲ. ಕಂಬಿಯ ಲೆಕ್ಕವನ್ನು ಇಂಜಿನಿಯರ್ ಹತ್ತಿರ ಮಾಡಿಸಬೇಕು. ಬೀಮಿನ ಮೇಲೆ, ಸಜ್ಜದಲ್ಲಿ, ಬಚ್ಚಲಿನ ಅಡಿಯಲ್ಲಿ ಹಂಚು ಇಡಬಾರದು. ಹಂಚನ್ನು ನೆನೆಸದೆ ಇಟ್ಟರೆ ಅದು ಕಾಂಕ್ರೀಟಿನ ನೀರು ಎಳೆದುಕೊಳ್ಳುತ್ತದೆ. ಫ್ಯಾನಿನ ಕೊಕ್ಕೆ, ಲೈಟಿನ ಪೈಪು ಎಲ್ಲ ಮೊದಲೇ ಇಡಬೇಕು, ಆಮೇಲೆ ಡ್ರಿಲ್ ಮಾಡಲು ಹೋದರೆ ಹಂಚು ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಉಪ್ಪು ಹಿಡಿದು ಹುಡಿ ಬರುವ ಹಂಚನ್ನು ಇಲ್ಲಿಗೆ ತರಲೇಬೇಡಿ. ಉಪ್ಪು ಕಂಬಿಗೆ ತುಕ್ಕು ತರುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಸ್ಲ್ಯಾಬನ್ನು ಒಡೆಯುತ್ತದೆ. ಸೋತ ಹಂಚಿಗೆ ತೋಟದ ಪಾತಿ, ಕಾಲುದಾರಿ ಇದ್ದೇ ಇದೆ.

ಮುರಕಲ್ಲಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು ಅದು, ನಿಮ್ಮದು ಗಟ್ಟಿಯಾಗಿ ಕೂತಿದೆ. ಅದನ್ನು ಯಾವ ಗಾರೆಯಲ್ಲಿ ಕಟ್ಟಿದ್ದಾರೆ ಎಂದು ಮೊದಲು ನೋಡಿ. ಮಣ್ಣು ಅಥವಾ ಸುಣ್ಣದ ಗಾರೆಯಾದರೆ ಹಾರೆಯಲ್ಲಿ ಎಬ್ಬಿಸಿದಾಗ ಕಲ್ಲು ಇಡಿಯಾಗಿ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಭಾಗದಲ್ಲಿ ಗಾರೆಗಿಂತ ಮೊದಲು ಕಲ್ಲೇ ಒಡೆಯುತ್ತದೆ, ಅಲ್ಲಿ ಆಸೆ ಬಿಡಿ. ನೆಲದ ಹತ್ತಿರದ ಕೆಲವು ಸಾಲು ವರ್ಷಗಟ್ಟಲೆ ತೇವ ಕುಡಿದಿರುತ್ತದೆ, ಬಿಳಿ ಉಪ್ಪು ಕಾಣುತ್ತದೆ. ಅದು ಹೊಸ ಮನೆಯ ಗೋಡೆಗೆ ಬೇಡ, ಕಂಪೌಂಡಿಗೆ ಆಗುತ್ತದೆ. ಕಲ್ಲಿನಲ್ಲಿ ಬಿಳಿ ಮಣ್ಣಿನ ಗೂಡು ಜಾಸ್ತಿ ಇದ್ದರೆ ಅದೂ ಕಂಪೌಂಡಿಗೇ. ಹಳೆ ಕಲ್ಲಿನ ಅಳತೆ ಈಗಿನ ಮಿಷನ್ ಕಲ್ಲಿಗೆ ಹೊಂದುವುದಿಲ್ಲ. ಒಂದೇ ಗೋಡೆಯಲ್ಲಿ ಎರಡನ್ನೂ ಬೆರೆಸಿದರೆ ಮೇಸ್ತ್ರಿ ಸಂದು ತುಂಬಿಸಲು ಸಿಮೆಂಟು ಸುರಿಯುತ್ತಾರೆ, ಉಳಿದ ದುಡ್ಡು ಅಲ್ಲೇ ಹೋಯಿತು.

ಈಗ ಮರ. ಒರಲೆಯ ಹೆದರಿಕೆ ಎಲ್ಲರಿಗೂ ಇದೆ. ಆದರೆ "ಹಳೆ ಮರ ಅಂದರೆ ಒರಲೆ" ಅನ್ನುವುದು ಸುಮ್ನೆ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಒರಲೆಯ ಗೂಡು ಇರುವುದು ನೆಲದಲ್ಲಿ. ಅಲ್ಲಿಂದ ಗೋಡೆಯ ಮೇಲೆ ಮಣ್ಣಿನ ದಾರಿ ಮಾಡಿಕೊಂಡು ಮರಕ್ಕೆ ಬರುತ್ತದೆ. ಮರ ಕಳಚಿ ಬಿಸಿಲಿಗೆ ಒಣಗಿಸಿದಾಗ ಆ ಸಂಬಂಧ ಕಡಿಯುತ್ತದೆ. ಹೊಸ ಮನೆಗೆ ಈ ಒರಲೆ ಬಂದರೆ ಅದು ಮರದ ಜೊತೆ ಬಂದದ್ದಲ್ಲ, ನಿಮ್ಮ ಜಾಗದ ಮಣ್ಣಿನಿಂದಲೇ ಬಂದದ್ದು. ಅದಕ್ಕೆ ಅಡಿಪಾಯದ ಹೊತ್ತಿಗೇ ಔಷಧಿ ಮಾಡಿಸಬೇಕು. ಅದೂ ಅಲ್ಲದೆ ಹಲಸಿನ ಚೇಗನ್ನು, ಅಂದರೆ ಒಳಗಿನ ಹಳದಿ-ಕಂದು ಬಣ್ಣದ ಗಟ್ಟಿ ಭಾಗವನ್ನು, ಒರಲೆ ಅಷ್ಟು ಸುಲಭದಲ್ಲಿ ತಿನ್ನುವುದಿಲ್ಲ. ತಿನ್ನುವುದು ತೊಗಟೆ ಕಡೆಯ ಬಿಳಿ ಭಾಗವನ್ನು. ಆಚಾರ್ರಿಗೆ ಹೇಳಿ ಅದನ್ನು ಕೆತ್ತಿಸಿ ತೆಗೆಸಿದರೆ ಒಳಗೆ ಹೊಸ ಮರದಂಥದ್ದೇ ಸಿಗುತ್ತದೆ. ಎಷ್ಟೋ ವರ್ಷ ಒಣಗಿರುವುದರಿಂದ ಇನ್ನು ಬಾಗುವ, ಬಿರಿಯುವ ಕಾಟವೂ ಕಮ್ಮಿ.

ಎರಡು ಹುಳಗಳು ಮಾತ್ರ ಮರದ ಜೊತೆಗೇ ಬರುತ್ತವೆ. ಒಂದು ಕುಟ್ಟೆ. ಸೂಜಿ ತೂತು, ಕೆಳಗೆ ಹಿಟ್ಟಿನಷ್ಟು ನುಣ್ಣಗಿನ ಹುಡಿ. ಇನ್ನೊಂದು, ಒಣ ಮರದೊಳಗೇ ಗೂಡು ಮಾಡುವ ಒರಲೆ, ಅದಕ್ಕೆ ಮಣ್ಣಿನ ಹಂಗಿಲ್ಲ. ಅದರ ಹಿಕ್ಕೆ ಹುಡಿಯಾಗಿರದೆ ಸಣ್ಣ ಸಣ್ಣ ಕಾಳಿನ ಹಾಗೆ ಬೀಳುತ್ತದೆ. ಕಳಚಿದ ಮರವನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೆರಡು ವಾರ ಇಟ್ಟು ಏನು ಬೀಳುತ್ತದೆ ನೋಡಿ. ಏನೂ ಬೀಳದಿದ್ದರೆ ಒಳ್ಳೆಯದು. ಬಿದ್ದರೆ ಸ್ವಲ್ಪ ಭಾಗವಾದರೆ ಕತ್ತರಿಸಿ ಉಳಿದದ್ದಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರು ಕುಡಿಸಿ. ಬಣ್ಣ, ವಾರ್ನಿಷ್ ಇರುವ ಮರ ಅದನ್ನು ಕುಡಿಯುವುದಿಲ್ಲ, ಮೊದಲು ಮೈ ತೆರೆಸಬೇಕು. ಇದು ಮನೆಯೊಳಗಿನ ಮರಕ್ಕೆ ಮಾತ್ರ. ಮಳೆ ತಾಗುವಲ್ಲಿ ಔಷಧಿ ತೊಳೆದು ಹೋಗುತ್ತದೆ. ಮರದ ತುಂಬ ತೂತಾಗಿದ್ದರೆ ಮೋಹ ಬೇಡ.

ತಾಳೆಯ ಪಕ್ಕಾಸಿನಲ್ಲಿ ಗೋಡೆಯೊಳಗೆ ಹೂತ ತುದಿ ಮತ್ತು ಮಾಡಿನ ಹೊರಗೆ ಚಾಚಿದ ತುದಿ ಕುಂಬಾಗಿರುತ್ತದೆ, ಅಂದರೆ ಕೊಳೆತಿರುತ್ತದೆ. ತುದಿ ಕತ್ತರಿಸಿ ಉಳಿದದ್ದನ್ನು ಸಣ್ಣ ಅಗಲದ ಮಾಡಿಗೆ ಬಳಸಬಹುದು. ಮೊದಲಿನಷ್ಟೇ ಅಗಲಕ್ಕೆ ಎಳೆಯಬೇಡಿ. ಮೊಳೆ ಇರುವ ಮರವನ್ನು ಮಿಲ್ಲಿನವರು ಮುಟ್ಟುವುದಿಲ್ಲ, ಬ್ಲೇಡ್ ಹೋಗುತ್ತದೆ. ಮುರಿದ ಮೊಳೆ ಒಳಗೆ ಅಡಗಿರುತ್ತದೆ, ದೊಡ್ಡ ಆಯಸ್ಕಾಂತ ಆಡಿಸಿ ಹುಡುಕಿ. ಬಾಗಿಲಿನ ಅಳತೆಯನ್ನು ಪ್ಲಾನ್ ಮಾಡುವ ಮುಂಚೆಯೇ ಇಂಜಿನಿಯರಿಗೆ ಕೊಡಿ. ಹಳೆ ದಾರಂದ ಗಿಡ್ಡ, ತಲೆ ಬಗ್ಗಿಸಿ ಒಳಗೆ ಹೋಗುವ ಕಾಲದ್ದು. ಅಡಿಯಲ್ಲಿ ಕಲ್ಲಿನ ಹೊಸ್ತಿಲು ಕೊಟ್ಟು ಎತ್ತರಿಸಬಹುದು, ಅಥವಾ ಅದನ್ನು ದೇವರ ಕೋಣೆಗೆ, ಉಗ್ರಾಣಕ್ಕೆ ಇಡಬಹುದು. ಗೋಡೆ ಎದ್ದ ಮೇಲೆ ನೆನಪಾದರೆ ಹೊಂದಿಸಲು ಆಗುವುದಿಲ್ಲ.

ಕರಿ ಆಯಿಲ್ ಮನೆಯೊಳಗೆ ಬೇಡ. ಇಂಜಿನ್ನಿನಲ್ಲಿ ಸುಟ್ಟ ಆ ಎಣ್ಣೆಯಲ್ಲಿ ಲೋಹದ ಹುಡಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಎರಡೂ ಇರುತ್ತವೆ. ವಾಸನೆ ಹೋಗುವುದಿಲ್ಲ, ಮುಟ್ಟಿದರೆ ಕೈಗೆ ಹತ್ತುತ್ತದೆ, ಮರದ ಒಳಗೆ ಹೆಚ್ಚು ಇಳಿಯುವುದೂ ಇಲ್ಲ. ಬೇಲಿಗೂಟಕ್ಕೆ ಹಚ್ಚುವವರಿದ್ದಾರೆ, ಬಾವಿ ಹತ್ತಿರ ಇದ್ದರೆ ಅದೂ ಬೇಡ ಅನ್ನುತ್ತೇನೆ. ನಮ್ಮ ಹಿರಿಯರು ಹಚ್ಚುತ್ತಿದ್ದ ಗೇರೆಣ್ಣೆ ಇದಕ್ಕಿಂತ ಎಷ್ಟೋ ಒಳ್ಳೆಯದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆಗೆ ಹುಳ ಬರುವುದಿಲ್ಲ, ಮಳೆಯಲ್ಲೂ ನಿಲ್ಲುತ್ತದೆ. ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಮರ ಕಪ್ಪಾಗುತ್ತದೆ ಅನ್ನುವುದೂ ಗೊತ್ತಿರಲಿ. ಬಾಗಿಲಿಗೆ ಅದು ಹೊಂದುವುದಿಲ್ಲ, ಮಾಡಿನ ಅಡಿಯ ಮರಕ್ಕೆ ಸರಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಕಿಟಕಿ, ಬಾಗಿಲಿಗೆ ಆಗಾಗ ಪೈಂಟ್ ಹೊಡೆಸಿರುತ್ತೀರಿ, ಅಲ್ವಾ? ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಜಾಸ್ತಿ ಇರುವ ಸಂಭವ ಇದೆ. ಅದನ್ನು ಮಿಷನ್ನಿನಲ್ಲಿ ಉಜ್ಜಿದರೆ ಹುಡಿ ಮನೆಯೆಲ್ಲ ಹರಡುತ್ತದೆ. ಸಣ್ಣ ಮಕ್ಕಳ ಮೆದುಳಿಗೆ ಅದು ವಿಷ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಸಿ, ಅಡಿಗೆ ಪ್ಲಾಸ್ಟಿಕ್ ಹಾಸಿ, ಕೆರೆದದ್ದನ್ನು ಕಟ್ಟಿ ಬೇರೆ ಇಡಿ. ಮೊಮ್ಮಕ್ಕಳು ಬಂದಾಗ ಈ ಕೆಲಸ ಬೇಡ. ಆಮೇಲೆ ಬಚ್ಚಲೊಲೆ. ಮುರಿದ ಕಿಟಕಿ ಎಲ್ಲ ನೇರ ಅಲ್ಲಿಗೆ ಹೋಗುವುದು ನಮ್ಮೂರಿನ ರೂಢಿ. ಬಣ್ಣದ ಮರ ಸುಟ್ಟರೆ ಸೀಸ ಸುಡುವುದಿಲ್ಲ. ಸ್ವಲ್ಪ ಹೊಗೆಯಲ್ಲಿ, ಉಳಿದದ್ದು ಬೂದಿಯಲ್ಲಿ. ಆ ಬೂದಿ ಬಸಳೆಯ ಬುಡಕ್ಕೆ, ಬಸಳೆ ಪದಾರ್ಥಕ್ಕೆ. ಬಣ್ಣ ಇಲ್ಲದ ರೀಪು ಎಷ್ಟು ಬೇಕಾದರೂ ಸುಡಿ, ಬಣ್ಣದ್ದು ಒಲೆಗೆ ಬೇಡ.

ಹಟ್ಟಿಯ ಶೀಟು. ಇದರಲ್ಲಿ ನನ್ನದು ಖಡಾಖಂಡಿತ ಉತ್ತರ: ಒಡೆಯಬೇಡಿ. ಹಳೆಯ ಸಿಮೆಂಟ್ ಶೀಟು ಅಂದರೆ ಬಹುತೇಕ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಣ್ಣಿನಲ್ಲಿ ನೋಡಿ ಹೌದೋ ಅಲ್ಲವೋ ಹೇಳಲು ಆಗುವುದಿಲ್ಲ, ಹಾಗಾಗಿ ಹೌದು ಅಂತಲೇ ತಿಳಿಯಬೇಕು. ಇಡಿಯಾಗಿ ಮಾಡಿನ ಮೇಲಿರುವಾಗ ಅದರಿಂದ ಅಪಾಯ ಕಮ್ಮಿ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ. ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ. ಕ್ಯಾನ್ಸರ್ ಹತ್ತಾರು ವರ್ಷ ಕಳೆದು ಕಾಣಿಸಿಕೊಳ್ಳುವುದರಿಂದ "ನಾವು ಎಷ್ಟೋ ಒಡೆದಿದ್ದೇವೆ, ಏನೂ ಆಗಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ. ಅಂಗಳಕ್ಕೆ ತುಂಬಿಸಿದರೆ ಪ್ರತಿ ಸಲ ಗುಡಿಸುವಾಗ, ಗುಂಡಿ ತೋಡುವಾಗ ಅದು ಏಳುತ್ತದೆ.

ಹಟ್ಟಿ ಗಟ್ಟಿ ಇದ್ದರೆ ಅದನ್ನು ಹಾಗೇ ಬಿಡುವುದು ಒಂದು ದಾರಿ. ತೆಗೆಯಲೇಬೇಕಾದರೆ ಶೀಟಿಗೆ ನೀರು ಹಾಕಿ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ ಇಡಿ ಇಡಿಯಾಗಿ ಇಳಿಸಿ. ಅದರ ಮೇಲೆ ಹತ್ತಬಾರದು, ಹಳೆ ಶೀಟು ಒಡೆದು ಕೆಳಗೆ ಬಿದ್ದವರು ನಮ್ಮ ಜಿಲ್ಲೆಯಲ್ಲಿ ಕಮ್ಮಿ ಇಲ್ಲ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ ಇಡಿ, ಉಳಿದ ಮಣ್ಣು-ಕಲ್ಲಿನ ಜೊತೆ ಬೆರೆಸಬೇಡಿ. ಎಲ್ಲಿಗೆ ಒಪ್ಪಿಸಬೇಕು ಅಂತ ಪಂಚಾಯತಿನಲ್ಲಿ ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಕೋಳಿಗೂಡಿಗೆ ಯಾರಾದರೂ ಕೇಳಿದರೆ ಕೊಡಬೇಡಿ. ಅವರು ಅಳತೆಗೆ ಕೊಯ್ದೇ ಕೊಯ್ಯುತ್ತಾರೆ.

ಹಳೆ ವಯರು, ಸ್ವಿಚ್ಚು, ತುಕ್ಕು ಹಿಡಿದ ಕಂಬಿ ಎಲ್ಲ ಗುಜರಿಗೆ. ಹಳೆ ಕಂಬಿ ನೇರ ಮಾಡಿ ಲಿಂಟಲಿಗೆ ಹಾಕುವ ಉಳಿತಾಯ ಬೇಡ.

ಖರ್ಚಿನ ಮಾತು. ಕೈಯಿಂದ ಕಳಚಲು ದಿನ ಜಾಸ್ತಿ ಬೇಕು, ಕೂಲಿ ಜಾಸ್ತಿ ಆಗುತ್ತದೆ. ಎಲ್ಲವನ್ನೂ ಉಳಿಸಲು ಹೋದರೆ ಲಾಭ ಇಲ್ಲ ಅನ್ನುವುದೇ ನನ್ನ ಅನುಭವ. ಬಾಗಿಲು, ದಾರಂದ, ಹಲಸಿನ ತೊಲೆ ಮತ್ತು ಒಂದೇ ಅಚ್ಚಿನ ಹಂಚು, ಇವಿಷ್ಟನ್ನು ಕೈಯಿಂದ ಇಳಿಸಿ. ಗೋಡೆ ಮಣ್ಣಿನ ಗಾರೆಯದ್ದಾದರೆ ಕಲ್ಲನ್ನೂ. ಉಳಿದದ್ದಕ್ಕೆ ಜೆಸಿಬಿ ಬರಲಿ. ಅದೇ ಕಂಟ್ರಾಕ್ಟರಿಗೇ ಈ ಪಟ್ಟಿ ಕೊಟ್ಟು, ಇಷ್ಟು ನಮಗೆ, ಉಳಿದದ್ದು ನಿಮಗೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಹೊಸ ಮನೆಯಲ್ಲಿ ಜಾಗ ಸಿಗದ ಸಾಮಾನನ್ನು ಹಳೆ ಮರದ ವ್ಯಾಪಾರಿಗಳಿಗೆ ಮಾರಿ. "ಮುಂದೆ ಯಾವಾಗಾದರೂ ಬೇಕಾದೀತು" ಅಂತ ಟಾರ್ಪಾಲಿನ ಅಡಿಯಲ್ಲಿ ಇಟ್ಟ ಮರ ಎರಡು ಮಳೆಗಾಲ ದಾಟುವುದಿಲ್ಲ. ಕೆಲಸವನ್ನು ದೀಪಾವಳಿ ಕಳೆದು ಶುರು ಮಾಡಿದರೆ ಒಣಗಿಸಲು ಬಿಸಿಲು ಸಿಗುತ್ತದೆ. ಮರವನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ನಡುವೆ ರೀಪು ಕೊಟ್ಟು, ಗಾಳಿ ಆಡುವ ಹಾಗೆ ಪೇರಿಸಿ.

ಕೊನೆಗೆ ಆ ಹಿಂದಿನ ಗೋಡೆ. ವಾಲಿದ ಗೋಡೆಯನ್ನು ಎಷ್ಟೋ ಸಲ ಮಾಡಿನ ಮರವೇ ಹಿಡಿದು ನಿಲ್ಲಿಸಿರುತ್ತದೆ. ಹಂಚು, ಪಕ್ಕಾಸು ತೆಗೆದ ಕೂಡಲೇ ಅದು ಹೊರಗೆ ಬೀಳಬಹುದು, ಬೀಳುವ ಮುಂಚೆ ಸದ್ದೂ ಮಾಡುವುದಿಲ್ಲ. ಮಾಡು ಮುಟ್ಟುವ ಮೊದಲು ಹೊರಗಿನಿಂದ ಗಟ್ಟಿ ಊರೆಗೋಲು ಕೊಡಿಸಿ, ಆ ಮಗ್ಗುಲಲ್ಲಿ ಯಾರೂ ನಿಲ್ಲದಂತೆ ಹಗ್ಗ ಕಟ್ಟಿಸಿ, ಗೋಡೆಯನ್ನು ಮೇಲಿನ ಸಾಲಿನಿಂದಲೇ ಇಳಿಸಿಕೊಂಡು ಬನ್ನಿ. ಕೆಲಸ ಮುಂದಿನ ವರ್ಷಕ್ಕೆ ಹೋಗುವುದಾದರೂ ಊರೆಗೋಲು ಈ ಮಳೆಗಾಲಕ್ಕೆ ಮೊದಲೇ ಬೇಕು, ಮತ್ತು ಆ ಗೋಡೆಗೆ ತಾಗಿದ ಕೋಣೆಯಲ್ಲಿ ಮಲಗುವುದನ್ನು ಇವತ್ತಿನಿಂದಲೇ ಬಿಡಿ.